ಔಷಧಿ ಬಳಿದುಕೊಂಡ ಸರಳು

ಆಸ್ಪತ್ರೆಯೊಂದರ ಆಪರೇಷನ್ ಕೋಣೆಯಲ್ಲಿ ಹಳೆಯ ಸ್ಟೀಲ್ ಬೋಗುಣಿಯೊಂದಿತ್ತು. ಗಾಯ ತೊಳೆದ ನೀರನ್ನು ಹಿಡಿದು ಹಿಡಿದು ಅದಕ್ಕೆ ಸಾಕುಸಾಕಾಗಿತ್ತು. ಒಂದು ದಿನ ಟೆಂಪೊ ಓಡಿಸುವ ದ್ಯಾಮಣ್ಣನನ್ನು ತಂದು ಮಲಗಿಸಿದರು. ಕಾಲಿನ ಮೂಳೆ ಮುರಿದು, ಚರ್ಮ ಸೀಳಿ ಹೊರಗೆ ಬಂದಿತ್ತು. ಗಾಯದ ತುಂಬ ರಸ್ತೆಯ ಮಣ್ಣು. ಅದರ ಮೇಲೆ ರಕ್ತ ನಿಲ್ಲಲಿ ಎಂದು ಯಾರೋ ಪುಣ್ಯಾತ್ಮರು ಹಿಡಿ ಕಾಫಿಪುಡಿ ಮೆತ್ತಿದ್ದರು.

ಡಾಕ್ಟರು ತೊಳೆದರು, ಮತ್ತೆ ತೊಳೆದರು. ಮುರಿದ ಮೂಳೆಯನ್ನು ಕೂಡಿಸಲು ಅದರೊಳಗೆ ಕೂರಬೇಕಾದ ಲೋಹದ ಸರಳು ತಟ್ಟೆಯಲ್ಲೇ ಚಡಪಡಿಸಿತು. "ಎಷ್ಟು ಹೊತ್ತು ಈ ಸ್ನಾನ? ನನ್ನ ಮೈತುಂಬ ಔಷಧಿಯ ಲೇಪವಿದೆ. ನಾನಿರುವಲ್ಲಿ ಕೀವು ಕಾಲಿಡುವುದಿಲ್ಲ."

"ನನ್ನೊಳಗೆ ಬೀಳುವ ನೀರು ಇನ್ನೂ ಕಂದು ಬಣ್ಣಕ್ಕಿದೆ," ಎಂದಿತು ಬೋಗುಣಿ. "ನಿನ್ನ ಲೇಪ ನಿನ್ನನ್ನು ಮುಟ್ಟಿದ ಕೊಳೆಗೆ ಸರಿ. ಮಾಂಸದ ಸಂದಿಯಲ್ಲಿ ಕೂತ ಕೊಳೆಯ ಹತ್ತಿರ ನೀನು ಎದ್ದು ಹೋಗುತ್ತೀಯಾ?"

"ನಿನಗೆ ತೊಳೆಯುವುದೊಂದೇ ಗೊತ್ತು," ಎಂದು ಸರಳು ನಕ್ಕಿತು.

ಬೆಳಗಿನಿಂದ ನಿಂತೇ ಇದ್ದ ಡಾಕ್ಟರಿಗೂ ಸರಳಿನ ಮಾತೇ ಹಿತವಾಯಿತು. ನೀರು ನಿಲ್ಲಿಸಿ, ಸರಳನ್ನು ಒಳಗಿಟ್ಟು ಹೊಲಿದರು.

ಗಾಯ ಒಣಗಲಿಲ್ಲ. ಕೆಲವು ವಾರಗಳ ಮೇಲೆ ದ್ಯಾಮಣ್ಣ ಜ್ವರದಲ್ಲಿ ನಡುಗುತ್ತ ಅದೇ ಮೇಜಿಗೆ ಬಂದ. "ಕಾಲು ಉಳೀತದೇನ್ರೀ?" ಎಂದು ಕೇಳಿದ. ಡಾಕ್ಟರು ಕೀವು ಮೆತ್ತಿದ ಸರಳನ್ನು ಎಳೆದು ತೆಗೆದು ಬೋಗುಣಿಗೆ ಹಾಕಿದರು.

ಆ ಸರಳನ್ನು ಬೈಯುವಷ್ಟು ತ್ರಾಣವೂ ಬೋಗುಣಿಗೆ ಇರಲಿಲ್ಲ.

"ಸ್ವಲ್ಪ ಆ ಕಡೆ ಸರಿ," ಎಂದಿತು. "ಅವತ್ತು ನಿಲ್ಲಿಸಿದ ನೀರು ಈಗ ಬರುವುದಿದೆ."