ತಪ್ಪಿಹೋದ ಅರವತ್ತೆಂಟು ಚಿತ್ರಗಳು

"ಗುರುಗಳೇ, ಎದುರಿಗೇ ಕೂತು ಒಬ್ಬರ ಮಾತು ಕೇಳಿರುತ್ತೇವೆ. ಆಮೇಲೆ ನೆನೆದು ನೋಡಿದರೆ ಅವರು ಹೇಳಿದ ಮುಖ್ಯವಾದ ಮಾತೇ ಇರುವುದಿಲ್ಲ. ಅದು ಎಲ್ಲಿ ತಪ್ಪಿಹೋಗುತ್ತದೆ?"

ಹೀಗೆ ಕೇಳಿದವನು ಗುರುಪಾದ. ಅವನು ಮಠಕ್ಕೆ ಬಂದು ಎರಡು ವರ್ಷವಾಗಿತ್ತು. ತಾನಾಗಿ ಪ್ರಶ್ನೆ ಕೇಳಿದ್ದು ಅದೇ ಮೊದಲು. ಗುರುಗಳು ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ವಿಡಿಯೋ ತೆಗೆಯುವವನಿದ್ದ. ಮದುವೆ, ಗೃಹಪ್ರವೇಶ, ಶಾಲೆಯ ವಾರ್ಷಿಕೋತ್ಸವ, ಯಾವುದಕ್ಕೆ ಕರೆದರೂ ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ಹೋಗುತ್ತಿದ್ದ. ಅವನಿಗೆ ಒಬ್ಬ ಅಕ್ಕ ಇದ್ದಳು. ಅವಳಿಗೆ ಹುಟ್ಟಿನಿಂದ ಕಿವಿ ಕೇಳಿಸುತ್ತಿರಲಿಲ್ಲ. ಹಾಗಾಗಿ ಮಾತೂ ಬಂದಿರಲಿಲ್ಲ. ಅಂಥ ಮಕ್ಕಳಿಗೆ ಆ ಸುತ್ತಿನಲ್ಲಿ ಶಾಲೆ ಇರಲಿಲ್ಲ. ಚಿಕ್ಕಂದಿನಲ್ಲಿ ಅಕ್ಕ ತಮ್ಮ ಇಬ್ಬರೇ ಸೇರಿ ಕೈಯಲ್ಲಿ ಒಂದು ಭಾಷೆ ಮಾಡಿಕೊಂಡರು. ಮೂಗಿನ ಎಡಬದಿಯನ್ನು ಮುಟ್ಟಿದರೆ ಅಮ್ಮ, ಏಕೆಂದರೆ ಅಮ್ಮ ಅಲ್ಲಿ ಮೂಗುಬೊಟ್ಟು ಇಡುತ್ತಿದ್ದಳು. ಅಂಗೈಯನ್ನು ನೆಲಕ್ಕೆ ಊರಿದರೆ ರೈಲು. ಅಕ್ಕನಿಗೆ ರೈಲು ತಿಳಿಯುತ್ತಿದ್ದದ್ದು ನೆಲ ನಡುಗಿದಾಗ. ಎರಡು ಬೆರಳಿನಿಂದ ಗದ್ದ ಮುಟ್ಟಿದರೆ ತಮ್ಮ. ಮೆಟ್ಟಿಲ ಮೇಲಿಂದ ಬಿದ್ದು ಅವನ ಗದ್ದದ ಮೇಲೆ ಒಂದು ಗಾಯದ ಗುರುತು ಉಳಿದಿತ್ತು. ಅದೇ ಅವನ ಹೆಸರಾಯಿತು.

ತಂದೆ ತಾಯಿ ತೀರಿಕೊಂಡರು. ಇಬ್ಬರೂ ಮದುವೆಯಾಗಲಿಲ್ಲ. ಅಕ್ಕ ಮನೆಯಲ್ಲೇ ಹೊಲಿಗೆ ಯಂತ್ರ ಇಟ್ಟುಕೊಂಡು ರವಿಕೆ ಹೊಲಿಯುತ್ತಿದ್ದಳು. ತಮ್ಮ ಕೆಲಸ ಮುಗಿಸಿ ಬಂದು ಅವಳ ಎದುರು ಕೂರುತ್ತಿದ್ದ. ಮದುವೆಮನೆಯಲ್ಲಿ ಯಾರು ಜಗಳವಾಡಿದರು, ಯಾರು ಅತ್ತರು, ಊಟಕ್ಕೆ ಏನಿತ್ತು, ಎಲ್ಲವನ್ನೂ ಕೈಯಲ್ಲಿ ಹೇಳುತ್ತಿದ್ದ. ಅಕ್ಕ ಸದ್ದಿಲ್ಲದೆ ನಗುತ್ತಿದ್ದಳು. ಹೀಗೆ ನಲವತ್ತು ವರ್ಷ ಕಳೆಯಿತು. ಆ ಭಾಷೆ ಬಲ್ಲವರು ಲೋಕದಲ್ಲಿ ಇಬ್ಬರೇ.

ಅಕ್ಕನಿಗೆ ಕಾಯಿಲೆಯಾಯಿತು. ವಾಸಿಯಾಗುವ ಕಾಯಿಲೆಯಲ್ಲ ಎಂದು ವೈದ್ಯರು ತಮ್ಮನಿಗೆ ಹೇಳಿದರು. ಅವನು ಅಕ್ಕನಿಗೆ ಹೇಳಲಿಲ್ಲ. ಒಂದು ಮಧ್ಯಾಹ್ನ ಅವಳನ್ನು ಕಿಟಕಿಯ ಹತ್ತಿರ ಕೂರಿಸಿ, ನಿನಗೆ ಏನು ತೋಚುತ್ತದೋ ಹೇಳು ಎಂದು ಸನ್ನೆ ಮಾಡಿ ಕ್ಯಾಮೆರಾ ಎತ್ತಿಕೊಂಡ. ಅವಳು ಒಂದು ಗಂಟೆ ಹೇಳಿದಳು. ಅದು ಒಂದು ಚಿಕ್ಕ ಕ್ಯಾಸೆಟ್ ಆಯಿತು. ಎರಡು ತಿಂಗಳಾದ ಮೇಲೆ ಅವಳು ಹೋದಳು.

ಆಮೇಲೆ ಅವನ ಕೈಗಳಿಗೆ ಕೆಲಸವಿಲ್ಲದಂತಾಯಿತು. ಕ್ಯಾಮೆರಾ ಹಿಡಿಯುತ್ತಿದ್ದ, ಅನ್ನ ಕಲಸುತ್ತಿದ್ದ, ಅಷ್ಟೇ. ಒಮ್ಮೆ ಸಂತೆಯಲ್ಲಿ ಹುಣಸೆಹಣ್ಣು ನೋಡಿದಾಗ ಅವನ ಕೈ ತಾನಾಗಿ ಎದ್ದು, ಅಕ್ಕ ಹುಣಸೆಗೆ ಮಾಡುತ್ತಿದ್ದ ಸನ್ನೆಯನ್ನು ಮಾಡಿತು. ಮಾರುವವಳು ನೊಣ ಓಡಿಸುತ್ತಿದ್ದಾನೆ ಎಂದುಕೊಂಡಳು. ಅವನು ಕೈಯನ್ನು ಜೇಬಿಗೆ ಹಾಕಿಕೊಂಡು ಮನೆಗೆ ಬಂದ.

ಮೂರು ವರ್ಷ ಅವನು ಆ ಕ್ಯಾಸೆಟ್ ನೋಡಲಿಲ್ಲ. ನೋಡಲು ಧೈರ್ಯ ಬರಲಿಲ್ಲ. ಒಂದು ದಿನ ಪೆಟ್ಟಿಗೆ ತೆಗೆದು ನೋಡಿದರೆ ಹಳೆಯ ಕ್ಯಾಸೆಟ್‌ಗಳಿಗೆ ಬೂಷ್ಟು ಹಿಡಿದಿತ್ತು. ಒಂದನ್ನು ಕ್ಯಾಮೆರಾಕ್ಕೆ ಹಾಕಿದ. ಕ್ಯಾಮೆರಾ ಅದರ ಟೇಪನ್ನು ಸುತ್ತಿಕೊಂಡು ಹರಿದುಹಾಕಿತು. ಯಾರದೋ ನಾಮಕರಣದ ಕ್ಯಾಸೆಟ್ ಅದು. ಅಕ್ಕನದು ಬೇರೆ ಡಬ್ಬಿಯಲ್ಲಿತ್ತು, ಬೂಷ್ಟು ಇರಲಿಲ್ಲ. ಆದರೂ ಅವನಿಗೆ ಭಯವಾಯಿತು. ಅದನ್ನು ಬೇಗ ಲ್ಯಾಪ್‌ಟಾಪಿಗೆ ಇಳಿಸಿಕೊಳ್ಳಬೇಕು ಎಂದು ನಿಶ್ಚಯಿಸಿದ. ಅಲ್ಲಿಗೆ ಬಂದರೆ ಎಷ್ಟು ಸಲ ಬೇಕಾದರೂ ನೋಡಬಹುದು, ಸವೆಯುವುದಿಲ್ಲ.

ಕ್ಯಾಮೆರಾದ ಒಳಗೆ ಟೇಪನ್ನು ಓದುವ ತಲೆಯನ್ನು ಒರೆಸಿ ಶುಚಿ ಮಾಡಿದ. ಅದರ ಪುಟ್ಟ ಪರದೆ ಕೆಟ್ಟು ವರ್ಷಗಳಾಗಿದ್ದವು, ಕ್ಯಾಮೆರಾದಲ್ಲೇ ನೋಡುವಂತಿರಲಿಲ್ಲ. ತಂತಿಯ ಒಂದು ತುದಿಯನ್ನು ಕ್ಯಾಮೆರಾಕ್ಕೂ ಇನ್ನೊಂದನ್ನು ಲ್ಯಾಪ್‌ಟಾಪಿಗೂ ಚುಚ್ಚಿದ. ಟೇಪು ಓಡಿತು. ಒಂದು ಗಂಟೆಯ ಮೇಲೆ ಲ್ಯಾಪ್‌ಟಾಪು ಲೆಕ್ಕ ತೋರಿಸಿತು. ಎಂಟುನೂರ ಹನ್ನೆರಡು ಫ್ರೇಮ್ ತಪ್ಪಿಹೋಗಿವೆ ಎಂದಿತ್ತು.

ಫ್ರೇಮ್ ಎಂದರೆ ಒಂದು ಬಿಡಿ ಚಿತ್ರ. ಒಂದು ಸೆಕೆಂಡಿಗೆ ಇಪ್ಪತ್ತೈದು ಚಿತ್ರ ಓಡಿದರೆ ನಮ್ಮ ಕಣ್ಣಿಗೆ ಚಲನೆ ಕಾಣುತ್ತದೆ. ಟೇಪು ತನ್ನ ವೇಗದಲ್ಲಿ ಓಡುತ್ತದೆ, ಯಾರಿಗೂ ಕಾಯುವುದಿಲ್ಲ. ಲ್ಯಾಪ್‌ಟಾಪು ಅದೇ ವೇಗದಲ್ಲಿ ಬರೆದುಕೊಳ್ಳಬೇಕು. ಒಂದು ಗಳಿಗೆ ಹಿಂದೆ ಬಿದ್ದರೂ ಆ ಗಳಿಗೆಯ ಚಿತ್ರಗಳು ಹೋದಂತೆಯೇ. ಮದುವೆಯ ವಿಡಿಯೋದಲ್ಲಿ ಹತ್ತು ಚಿತ್ರ ಹೋದರೆ ಯಾರಿಗೂ ತಿಳಿಯುವುದಿಲ್ಲ, ಧ್ವನಿ ಒಂದು ಚೂರು ಕಡಿಯುತ್ತದೆ ಅಷ್ಟೇ. ಅಕ್ಕನ ವಿಡಿಯೋದಲ್ಲಿ ಧ್ವನಿ ಇರಲಿಲ್ಲ. ಅವಳ ಮಾತೆಲ್ಲ ಕೈಯಲ್ಲಿತ್ತು. ಚಿತ್ರ ಹೋದರೆ ಮಾತೇ ಹೋಯಿತು.

ಅವನು ಇಳಿಸಿಕೊಂಡದ್ದನ್ನು ನೋಡಿದ. ಅಕ್ಕ ಕೈ ಎತ್ತುತ್ತಿದ್ದಳು. ಮರುಗಳಿಗೆಯಲ್ಲಿ ಕೈ ಮಡಿಲಲ್ಲಿರುತ್ತಿತ್ತು. ನಡುವೆ ಏನು ಹೇಳಿದಳೋ ಇರಲಿಲ್ಲ. ಅರ್ಧ ಮಾತು ಅರ್ಥವಾಯಿತು, ಅರ್ಧ ಆಗಲಿಲ್ಲ. ನಲವತ್ತು ವರ್ಷ ಅವಳ ಒಂದು ಮಾತನ್ನೂ ಎರಡನೆಯ ಸಲ ಕೇಳಬೇಕಾಗಿ ಬಂದಿರಲಿಲ್ಲ. ಈಗ ಅಕ್ಕ ಯಾರೋ ಪರಭಾಷೆಯವಳಂತೆ ಕಂಡಳು.

ಊರಿನಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ಹೆಣ್ಣುಮಗಳೊಬ್ಬಳಿದ್ದಳು. ತಸ್ಲೀಮಾ ಎಂದು ಅವಳ ಹೆಸರು. ಅವನು ಅವಳ ಹತ್ತಿರ ಹೋದ. ಅವಳು ಎಲ್ಲವನ್ನೂ ಕೇಳಿಸಿಕೊಂಡು, ಲ್ಯಾಪ್‌ಟಾಪು ಒಂದೇ ಹೊತ್ತಿಗೆ ಹತ್ತು ಕೆಲಸ ಮಾಡುತ್ತಿದೆ ಎಂದಳು. ಬೇರೆ ಪ್ರೋಗ್ರಾಮ್‌ಗಳನ್ನೆಲ್ಲ ಮುಚ್ಚಬೇಕು. ಇಂಟರ್‌ನೆಟ್ ಬಂದ್ ಮಾಡಬೇಕು. ವೈರಸ್ ಹುಡುಕುವ ಕಾವಲುಗಾರನನ್ನು ಒಂದು ಗಂಟೆ ಮಲಗಿಸಬೇಕು. ಬ್ಯಾಟರಿಯ ಮೇಲೆ ನಡೆಸಬಾರದು, ಬ್ಯಾಟರಿ ಉಳಿಸಲೆಂದು ಅದು ತಾನೇ ನಿಧಾನವಾಗುತ್ತದೆ. ಕರೆಂಟಿಗೆ ಹಾಕಿಯೇ ಇಳಿಸಬೇಕು. ಕೊನೆಗೆ ಇನ್ನೊಂದು ಮಾತು ಹೇಳಿದಳು. ಹಳೆಯ ಟೇಪು ಓಡಿದಾಗಲೆಲ್ಲ ಅದರ ಮೇಲಿನ ಲೇಪ ಉದುರುತ್ತದೆ, ಹೆಚ್ಚು ಸಲ ಓಡಿಸಬೇಡಿ ಎಂದಳು.

ಅವಳು ಹೇಳಿದಂತೆ ಅವನು ಮಾಡಿದ. ತಪ್ಪಿಹೋದ ಚಿತ್ರಗಳು ನೂರ ತೊಂಬತ್ತಕ್ಕೆ ಇಳಿದವು.

ಮತ್ತೆ ಯೋಚಿಸಿದ. ಲ್ಯಾಪ್‌ಟಾಪಿನ ಡಿಸ್ಕು ಊರವರ ಮದುವೆಗಳಿಂದ ಕಿಕ್ಕಿರಿದಿತ್ತು. ಬರೆದುಕೊಳ್ಳಲು ಒಂದೇ ಕಡೆ ಜಾಗವಿರಲಿಲ್ಲ, ಅಲ್ಲೊಂದು ಚೂರು ಇಲ್ಲೊಂದು ಚೂರು ಹುಡುಕಿ ಬರೆಯಬೇಕಿತ್ತು. ಅವನು ಎರಡು ದಿನ ಕೂತು ಮದುವೆಗಳನ್ನೆಲ್ಲ ತೆಗೆದು ಸಿ.ಡಿ.ಗಳಿಗೆ ಹಾಕಿದ. ಚದುರಿದ್ದನ್ನು ಒಂದೆಡೆ ಜೋಡಿಸಿದ. ಉದ್ದದ ತಂತಿ ಬಿಟ್ಟು ಗಿಡ್ಡದ್ದು ತಂದ. ಮೂರನೆಯ ಸಲ ಟೇಪು ಓಡಿಸಿದ.

ತಪ್ಪಿದ್ದು ಅರವತ್ತೆಂಟೇ ಚಿತ್ರ. ಆದರೆ ಅವೆಲ್ಲ ಒಂದೇ ಜಾಗದಲ್ಲಿದ್ದವು.

ಉಳಿದದ್ದು ನೀರು ಹರಿದಂತೆ ಇತ್ತು. ಅಕ್ಕ ಅಮ್ಮನ ಬಗ್ಗೆ ಹೇಳಿದಳು. ತಾನು ಹೊಲಿದ ಮೊದಲ ರವಿಕೆಯ ತೋಳು ತಿರುಗಾಮುರುಗಾ ಆಗಿದ್ದನ್ನು ಹೇಳಿ ನಕ್ಕಳು. ನಲವತ್ತೊಂದನೆಯ ನಿಮಿಷಕ್ಕೆ ಮಾತು ನಿಲ್ಲಿಸಿ, ತಲೆ ಎತ್ತಿ, ನೇರವಾಗಿ ಕ್ಯಾಮೆರಾದ ಕಡೆಗೆ ನೋಡಿದಳು. ಕೈ ಮೇಲಕ್ಕೆ ಬಂತು. ಅಲ್ಲಿ ಚಿತ್ರ ಜಿಗಿಯಿತು. ಆಮೇಲೆ ಅವಳ ಎರಡು ಕೈಯೂ ಮಡಿಲಲ್ಲಿ ತೆರೆದುಕೊಂಡು ಬಿದ್ದಿದ್ದವು. ಅವಳು ಸುಮ್ಮನೆ ನೋಡುತ್ತಿದ್ದಳು. ಬಹಳ ಹೊತ್ತು ನೋಡಿದಳು. ಕೊನೆಗೆ ಕಣ್ಣು ಇಳಿಸಿ ಸೀರೆಯ ಮೇಲಿದ್ದ ಒಂದು ದಾರವನ್ನು ಹೆಕ್ಕಿ ತೆಗೆದು, ಬೇರೆ ಏನೋ ಹೇಳತೊಡಗಿದಳು.

ಅಲ್ಲಿ ಅವಳು ಏನು ಹೇಳಿದಳು? ಅವನು ನೆನಪಿಸಿಕೊಳ್ಳಲು ನೋಡಿದ. ಆ ಮಧ್ಯಾಹ್ನ ತೆಗೆದವನು ಅವನೇ. ಆದರೂ ನೆನಪಿಗೆ ಬರಲಿಲ್ಲ.

ಲ್ಯಾಪ್‌ಟಾಪನ್ನು ಎತ್ತಿಕೊಂಡು ಮತ್ತೆ ತಸ್ಲೀಮಾಳ ಹತ್ತಿರ ಹೋದ. ಅವಳು ಮೂರೂ ಸಲದ್ದನ್ನು ಹಾಕಿ ನೋಡಿದಳು. ಮೂರರಲ್ಲೂ ಆ ಜಾಗ ತಪ್ಪಿಹೋಗಿತ್ತು.

"ಟೇಪು ಹಾಳಾಗಿದ್ದರೆ ಚಿತ್ರದಲ್ಲಿ ಗೆರೆ ಬರಬೇಕಿತ್ತು ಅಣ್ಣಾ, ಬಂದಿಲ್ಲ. ಇಳಿಸುವಾಗ ಇಲ್ಲಿಗೆ ಬಂದ ಕೂಡಲೇ ನೀವು ಏನಾದರೂ ಮಾಡುತ್ತೀರಾ?" ಎಂದು ಕೇಳಿದಳು.

"ಏನೂ ಮಾಡುವುದಿಲ್ಲ ತಾಯಿ. ನೋಡುತ್ತಾ ಕೂತಿರುತ್ತೇನೆ" ಎಂದ. ಪರದೆಯ ಮೇಲಿನ ಅಕ್ಕನ ಮುಖ ತೋರಿಸಿ, "ಅಕ್ಕ ಇಲ್ಲಿ ನನ್ನ ಕಡೆಗೆ ನೋಡುತ್ತಾಳೆ. ಮುಖ ಚಿಕ್ಕದಾಗಿ ಕಾಣುತ್ತದಲ್ಲ, ಅದಕ್ಕೆ ಚಿತ್ರವನ್ನು ಎಳೆದು ದೊಡ್ಡದು ಮಾಡಿಕೊಳ್ಳುತ್ತೇನೆ. ಆಗ ಪರದೆ ಒಂದು ಗಳಿಗೆ ನಿಂತುಬಿಡುತ್ತದೆ" ಎಂದ.

"ತಪ್ಪುತ್ತಿರುವುದು ಅಲ್ಲೇ. ಹಳೆಯ ಯಂತ್ರ ಇದು. ನಿಮಗೆ ದೊಡ್ಡದಾಗಿ ತೋರಿಸಲು ಹೋಗಿ ಬರೆದುಕೊಳ್ಳುವುದನ್ನು ಬಿಡುತ್ತಿದೆ. ತೋರಿಸುವುದನ್ನೇ ಬಂದ್ ಮಾಡಿ. ಒಂದು ಗಂಟೆ ನೋಡಬೇಡಿ. ಅದು ಬರೆದುಕೊಳ್ಳಲಿ." ಆಮೇಲೆ ಮೆಲ್ಲಗೆ ಹೇಳಿದಳು: "ಇನ್ನೊಂದು ಸಲಕ್ಕಿಂತ ಹೆಚ್ಚು ಈ ಟೇಪು ತಡೆಯುವುದಿಲ್ಲ ಅಣ್ಣಾ."

ಮರುದಿನ ಬೆಳಗ್ಗೆ ಅವನು ಸ್ನಾನ ಮಾಡಿ, ಬಾಗಿಲು ಹಾಕಿಕೊಂಡು ಕೂತ. ಚಿತ್ರ ತೋರಿಸುವುದನ್ನು ನಿಲ್ಲಿಸಿದ. ಪರದೆ ಕಪ್ಪಾಯಿತು. ಟೇಪು ಓಡತೊಡಗಿತು. ಕ್ಯಾಮೆರಾದ ಒಳಗಿನ ಸಣ್ಣ ಗುಂಯ್ ಸದ್ದು ಬಿಟ್ಟರೆ ಮನೆಯಲ್ಲಿ ಬೇರೆ ಸದ್ದಿರಲಿಲ್ಲ. ಅದರೊಳಗೆ ಅಕ್ಕ ಮಾತಾಡುತ್ತಿದ್ದಾಳೆ ಎಂದು ಅವನಿಗೆ ಗೊತ್ತಿತ್ತು. ಈಗ ಅಮ್ಮನ ಬಗ್ಗೆ ಹೇಳುತ್ತಿದ್ದಾಳೆ. ಈಗ ರವಿಕೆಯ ತೋಳಿನ ಬಗ್ಗೆ. ಈಗ ತಲೆ ಎತ್ತಿದ್ದಾಳೆ. ಅವನ ಕೈ ಚಿತ್ರ ತೋರಿಸುವ ಗುಂಡಿಯ ಕಡೆಗೆ ಹೋಯಿತು. ಅವನು ಆ ಕೈಯನ್ನು ಇನ್ನೊಂದು ಕೈಯಿಂದ ಹಿಡಿದುಕೊಂಡ. ಹಾಗೆ ಹಿಡಿದುಕೊಂಡೇ ಟೇಪು ಮುಗಿಯುವವರೆಗೆ ಕಪ್ಪು ಪರದೆಯ ಮುಂದೆ ಕೂತಿದ್ದ.

ಕೊನೆಯ ಎರಡು ನಿಮಿಷದಲ್ಲಿ ಕ್ಯಾಮೆರಾ ಕಿರುಗುಟ್ಟಿತು. ಆಮೇಲೆ ತಾನೇ ನಿಂತಿತು. ಲೆಕ್ಕ ನೋಡಿದ. ತಪ್ಪಿಹೋದ ಫ್ರೇಮ್ ಸೊನ್ನೆ ಎಂದಿತ್ತು.

ಅವನು ನಲವತ್ತೊಂದನೆಯ ನಿಮಿಷಕ್ಕೆ ಹೋದ.

ಅಕ್ಕ ತಲೆ ಎತ್ತಿದಳು. ಕೈ ಮೇಲಕ್ಕೆ ಬಂತು. ಎರಡು ಬೆರಳಿನಿಂದ ಗದ್ದ ಮುಟ್ಟಿದಳು. ಮೂರು ವರ್ಷದಿಂದ ಯಾರೂ ಅವನನ್ನು ಆ ಹೆಸರಿನಿಂದ ಕರೆದಿರಲಿಲ್ಲ. ಆಮೇಲೆ ತನ್ನ ಎದೆ ಮುಟ್ಟಿಕೊಂಡು ಅಂಗೈಯನ್ನು ದೂರಕ್ಕೆ ಸಾಗಿಸಿದಳು. ಹತ್ತು ಬೆರಳನ್ನೂ ತುದಿಗೆ ತುದಿ ತಾಗಿಸಿದಳು. ಕೊನೆಗೆ ಎರಡು ಅಂಗೈಯನ್ನೂ ತೆರೆದು ಮಡಿಲಿಗಿಟ್ಟಳು. ಎರಡೂವರೆ ಸೆಕೆಂಡಿನ ಮಾತು ಅದು.

ನಾನು ಹೋದ ಮೇಲೆ ನೀನು ಮಾತಾಡುವುದು ಯಾರ ಜೊತೆ?

ಅವಳಿಗೆ ಎಲ್ಲ ಗೊತ್ತಿತ್ತು. ಅವಳು ಕೇಳಿದ್ದಳು. ಕೇಳಿ, ಉತ್ತರಕ್ಕೆ ಕಾದಿದ್ದಳು. ಉತ್ತರ ಹೇಳಲು ಅವನಿಗೆ ಕೈ ಬೇಕಿತ್ತು. ಆ ಮಧ್ಯಾಹ್ನ ಅವನ ಒಂದು ಕೈ ಕ್ಯಾಮೆರಾ ಹಿಡಿದಿತ್ತು, ಇನ್ನೊಂದು ಲೆನ್ಸು ತಿರುಗಿಸುತ್ತಿತ್ತು. ಕಿಟಕಿಯ ಬೆಳಕು ಅವಳ ಕೆನ್ನೆಯ ಮೇಲೆ ಹೆಚ್ಚಾಗುತ್ತಿದೆಯೇ, ಅವಳ ಕೈ ಚಿತ್ರದಿಂದ ಹೊರಗೆ ಹೋಗುತ್ತಿದೆಯೇ ಎಂದು ಅವನು ನೋಡುತ್ತಿದ್ದ. ಅವಳು ದಣಿದಿರಬೇಕು ಎಂದುಕೊಂಡಿದ್ದ.

ಅವನು ಚಿತ್ರವನ್ನು ಅಲ್ಲೇ ನಿಲ್ಲಿಸಿದ. ಅಕ್ಕನ ಕಣ್ಣು ಅವನ ಮೇಲೇ ಇತ್ತು. ಅವನು ಎರಡೂ ಕೈ ಎತ್ತಿ ಉತ್ತರ ಹೇಳಿದ. ಯಾರೂ ಇಲ್ಲ ಅಕ್ಕ ಎಂದ. ಸನ್ನೆ ಸರಿಯಾಗಿ ಬರಲಿಲ್ಲ, ಬೆರಳು ಮರಗಟ್ಟಿದ್ದವು. ಇನ್ನೊಮ್ಮೆ ಹೇಳಿದ. ಆಮೇಲೆ ಚಿತ್ರವನ್ನು ಮುಂದಕ್ಕೆ ಓಡಲು ಬಿಟ್ಟ. ಅಕ್ಕ ಕಣ್ಣು ಇಳಿಸಿ, ಸೀರೆಯ ಮೇಲಿನ ದಾರ ಹೆಕ್ಕಿದಳು.

ಸಂಜೆ ಅವನು ತಸ್ಲೀಮಾಳ ಅಂಗಡಿಗೆ ಹೋಗಿ, ಈ ಸಲ ಒಂದೂ ತಪ್ಪಲಿಲ್ಲ ಎಂದು ಹೇಳಿದ. ಅವಳಿಗೆ ಸಂತೋಷವಾಯಿತು. ಅಲ್ಲಿ ಅಕ್ಕ ಏನು ಹೇಳಿದ್ದರು ಎಂದು ಕೇಳಿದಳು. ಅವನು ಕೈ ಎತ್ತಿ, ಅಕ್ಕ ಹೇಳಿದ ಹಾಗೆಯೇ ಮಾಡಿ ತೋರಿಸಿದ. ಗದ್ದ ಮುಟ್ಟಿದ, ಎದೆ ಮುಟ್ಟಿದ, ಬೆರಳು ಕೂಡಿಸಿದ, ಅಂಗೈ ತೆರೆದ. ತಸ್ಲೀಮಾ ಎವೆಯಿಕ್ಕದೆ ನೋಡಿದಳು. ಅವಳಿಗೆ ಏನೂ ತಿಳಿಯಲಿಲ್ಲ. "ಚೆನ್ನಾಗಿದೆ ಅಣ್ಣಾ" ಎಂದಳು. ಅವನು ತಲೆಯಾಡಿಸಿ ಮನೆಗೆ ಹೊರಟ.

ಗುರುಗಳು ಕತೆ ನಿಲ್ಲಿಸಿದರು.

ಗುರುಪಾದ ಕೇಳಿದ: "ಹಾಗಾದರೆ ಗುರುಗಳೇ, ಆ ಮಾತು ತಪ್ಪಿಹೋಗಿದ್ದು ಲ್ಯಾಪ್‌ಟಾಪಿನಿಂದಲೇ?"

ಗುರುಗಳು ಹೇಳಿದರು: "ಅವಳು ಕೇಳಿದಾಗ ಲ್ಯಾಪ್‌ಟಾಪು ಇರಲಿಲ್ಲವಪ್ಪಾ, ಅವನು ಎದುರಿಗೇ ಇದ್ದ."