ಉದ್ದವಾದ ದಾರಿ

"ಗುರುಗಳೇ, ಒಂದು ನಕ್ಷತ್ರ ನನ್ನ ಒಂಬತ್ತು ವರ್ಷದ ಕೆಲಸ ಕೆಡಿಸುತ್ತಿದೆ. ಅದನ್ನು ಪಟ್ಟಿಯಿಂದ ಹೊಡೆದುಹಾಕಲೇ?" ಎಂದು ನೀಲಾಂಬಿಕೆ ಕೇಳಿದಳು.

ಗುರುಗಳು ಅವರೆಕಾಯಿ ಸುಲಿಯುತ್ತಿದ್ದರು. ತಲೆ ಎತ್ತಲಿಲ್ಲ. "ಏನು ಮಾಡಿತಮ್ಮ, ಪಾಪ?" ಎಂದರು.

ಅವಳು ಹೇಳಿದಳು. ಬಹು ದೂರದಲ್ಲಿ ಎರಡು ದೈತ್ಯ ಕಪ್ಪುಕುಳಿಗಳು ಒಂದನ್ನೊಂದು ಸುತ್ತುತ್ತಿರುತ್ತವೆ. ಒಂದೊಂದೂ ಕೋಟಿಗಟ್ಟಲೆ ಸೂರ್ಯರಷ್ಟು ತೂಕ. ಅವು ಸುತ್ತಿದಂತೆಲ್ಲ ಆಕಾಶವೇ ಅಲೆಯಾಗಿ ಹಿಗ್ಗುತ್ತದೆ, ಕುಗ್ಗುತ್ತದೆ. ಒಂದು ಅಲೆ ದಾಟಿಹೋಗಲು ವರ್ಷಗಳೇ ಬೇಕು. ಅದನ್ನು ಹಿಡಿಯಲೆಂದು ಅವಳು ಗಡಿಯಾರದಂತೆ ಮಿಡಿಯುವ ನಲವತ್ತು ನಕ್ಷತ್ರಗಳನ್ನು ಆರಿಸಿಕೊಂಡಿದ್ದಳು. ಅಲೆ ಹಾದರೆ ಮಿಡಿತ ಬಂದು ಮುಟ್ಟುವ ಹೊತ್ತು ಕೂದಲೆಳೆಯಷ್ಟು ಏರುಪೇರಾಗಬೇಕು. ಒಂಬತ್ತು ವರ್ಷ ಕಿವಿಗೊಟ್ಟು ಕೂತಳು. ಅಲೆ ಸಿಗಲಿಲ್ಲ. ಸಿಕ್ಕಿದ್ದು, ಈಚೆಗೆ ತಡವಾಗಿ ಮಿಡಿಯತೊಡಗಿದ ಒಂದು ನಕ್ಷತ್ರ. ಅದನ್ನು ತೆಗೆದರೆ ಪಟ್ಟಿ ಚೊಕ್ಕ. 'ಏನೂ ಇಲ್ಲ' ಎಂದು ಬರೆದು ಸೋಮವಾರಕ್ಕೆ ಕೆಲಸ ಮುಗಿಸಬಹುದು.

"ಶುದ್ಧ ಸೋಮಾರಿ, ಗುರುಗಳೇ. ಉಳಿದವುಗಳಲ್ಲಿ ಒಂದೂ ತಡ ಮಾಡಿಲ್ಲ" ಎಂದಳು.

ಗುರುಗಳು ಮೊರ ಬದಿಗಿಟ್ಟು ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬಳು ಹೂವಿನ ವ್ಯಾಪಾರಿ ಇದ್ದಳು. ಮೂಡಣ, ಪಡುವಣ, ಬಡಗಣ, ತೆಂಕಣ ಹಳ್ಳಿಗಳಿಂದ ನಾಲ್ವರು ಆಳುಗಳು ಅವಳಿಗೆ ಹೂವು ತರುತ್ತಿದ್ದರು. ಹೊತ್ತು ಹುಟ್ಟುತ್ತಲೇ ಅವರು ಹೊರಡುವರು. ಆಗಲೇ ಅವಳು ಒಂದು ತೂತಿನ ಬಟ್ಟಲನ್ನು ನೀರಿನ ಮೇಲೆ ತೇಲಿಬಿಡುವಳು. ಬಟ್ಟಲು ಮೂರನೆಯ ಸಲ ಮುಳುಗುವಾಗ ನಾಲ್ಕು ಬುಟ್ಟಿಗಳೂ ಕಟ್ಟೆಯ ಮೇಲಿರಬೇಕು. ಇರುತ್ತಿದ್ದವು.

ಒಂದು ವರ್ಷ ಮೂಡಣದ ಆಳು ತಡವಾಗಿ ಬರತೊಡಗಿದ. ಹೆಚ್ಚೇನಲ್ಲ, ಒಂದು ಮೊಳ ಹೂವು ಕಟ್ಟುವಷ್ಟು ಹೊತ್ತು. ಯಾರೇ ತಡವಾದರೂ ಅವಳು ಗೋಡೆಯ ಮೇಲೆ ಅವರ ಪಾಲಿಗೆ ಒಂದು ಸುಣ್ಣದ ಬೊಟ್ಟು ಇಡುತ್ತಿದ್ದಳು. ಮೂಡಣದ ಪಾಲು ತುಂಬಿದ ದಿನ ಆ ಆಳನ್ನು ತಡೆದು ನಿಲ್ಲಿಸಿದಳು.

"ಎಲ್ಲಿ ಬೀಡಿ ಸೇದುತ್ತಾ ಕೂತಿದ್ದೆಯೋ?"

"ಎಲ್ಲೂ ಕೂತಿಲ್ಲ ಅಕ್ಕಾ. ಹೆಜ್ಜೆ ಎಣಿಸಿಕೊಂಡೇ ಬರುತ್ತೇನೆ. ದಾರಿಯೇ ಉದ್ದವಾಗಿದೆ."

"ಉದ್ದವಾಗಲು ಅದೇನು ನಿನ್ನ ಹೆಂಡತಿ ನಾದಿದ ಹಿಟ್ಟೇ?"

ಕಟ್ಟೆಯ ಮೇಲಿದ್ದವರೆಲ್ಲ ನಕ್ಕರು. ಅವನು ನಗಲಿಲ್ಲ. "ಹೆಜ್ಜೆ ಹೆಚ್ಚಿವೆ ಅಕ್ಕಾ" ಎಂದ. ಅವಳು ಅವನ ಬುಟ್ಟಿ ಕಿತ್ತುಕೊಂಡು ಬೇರೊಬ್ಬನ ತಲೆಯ ಮೇಲಿಟ್ಟಳು. ಮೂರು ಮಕ್ಕಳ ತಂದೆ ಬರಿಗೈಯಲ್ಲಿ ಮನೆಗೆ ಹೋದ.

ಹೊಸಬನೂ ಅಷ್ಟೇ ತಡವಾಗಿ ಬಂದ. ಅದೇ ಒಂದು ಮೊಳ. ಈಗ ಅವಳ ಕೋಪ ಇಳಿದು ಕುತೂಹಲ ಏರಿತು. ಬಟ್ಟಲಿನ ತೂತು ದೊಡ್ಡದಾಗಿದೆಯೇ? ಹಾಗಿದ್ದರೆ ನಾಲ್ವರೂ ತಡವಾಗಬೇಕಿತ್ತು. ಆದರೂ ಹೊಸ ಬಟ್ಟಲು ತಂದು ನೋಡಿದಳು. ತಡ ತಡವಾಗಿಯೇ ಉಳಿಯಿತು. ಗೋಡೆಯ ಮುಂದೆ ಹೋಗಿ ನಿಂತಳು. ಪಡುವಣದ ಪಾಲಿನಲ್ಲಿಯೂ ಅಷ್ಟೇ ಬೊಟ್ಟುಗಳಿದ್ದವು. ಪಡುವಣದ ಆಳು ಅವಳ ಸ್ವಂತ ತಮ್ಮ. ಬೊಟ್ಟು ಇಟ್ಟಿದ್ದಳು, ಎಣಿಸಿರಲಿಲ್ಲ. ಬಡಗಣಕ್ಕೂ ತೆಂಕಣಕ್ಕೂ ಒಂದು ಬೊಟ್ಟೂ ಇರಲಿಲ್ಲ.

ಆಗ ನೆನಪಾಯಿತು. ಅವರಿಬ್ಬರೂ ಬೇಗ ಬರುತ್ತಿದ್ದರು. ಮೆಚ್ಚಿ ಯುಗಾದಿಗೆ ಇಬ್ಬರಿಗೂ ಪಂಚೆ ಕೊಟ್ಟಿದ್ದಳು. ಗೋಡೆಯ ಮೇಲೆ ಮಾತ್ರ ಅದರ ಗುರುತಿರಲಿಲ್ಲ. ಬೇಗ ಬಂದವನನ್ನು ನಿಲ್ಲಿಸಿ ಯಾಕೆ ಎಂದು ಯಾರು ಕೇಳುತ್ತಾರೆ?

ಅಂದಿನಿಂದ ತಡಕ್ಕೆ ಸುಣ್ಣ, ಬೇಗಕ್ಕೆ ಕೆಮ್ಮಣ್ಣು ಎಂದು ಎರಡನ್ನೂ ಗುರುತು ಹಾಕಿದಳು. ಐದನೆಯ ವರ್ಷ ಎಲ್ಲ ಅದಲುಬದಲಾಯಿತು. ಬಡಗಣ ತೆಂಕಣದವರು ತಡ, ಮೂಡಣ ಪಡುವಣದವರು ಬೇಗ. ಆಳುಗಳು ಅವರೇ, ಕಾಲುಗಳೂ ಅವೇ. ನೆಲವೇ ಒಂದು ಕಡೆ ಹಿಗ್ಗಿ, ಇನ್ನೊಂದು ಕಡೆ ಕುಗ್ಗಿ, ಉಸಿರಾಡುತ್ತಿತ್ತು. ಯಾವುದು ಅದನ್ನು ಉಸಿರಾಡಿಸುತ್ತಿದೆ ಎಂದು ಅವಳಿಗೆ ಗೊತ್ತಾಗಲಿಲ್ಲ.

ಖಾಲಿ ಬುಟ್ಟಿಯೊಂದನ್ನು ಎತ್ತಿಕೊಂಡು ಮೂಡಣದ ದಾರಿ ಹಿಡಿದಳು. ತಾನೂ ಹೆಜ್ಜೆ ಎಣಿಸುತ್ತಾ ಹಳೆಯ ಆಳಿನ ಬಾಗಿಲಿಗೆ ಹೋಗಿ ನಿಂತಳು.

"ತಪ್ಪು ನನ್ನದಪ್ಪಾ. ಬುಟ್ಟಿ ತಂದಿದ್ದೇನೆ. ಅವತ್ತು ಎಷ್ಟು ಹೆಜ್ಜೆ ಹೆಚ್ಚಿದ್ದವು, ಹೇಳು."

ಅವನು ಸೌದೆ ಹೊರೆ ಇಳಿಸಿದ. "ಅವತ್ತೇ ಕೇಳಿದ್ದರೆ ಹೇಳುತ್ತಿದ್ದೆ ಅಕ್ಕಾ. ಈಗ ಮರೆತುಹೋಗಿದೆ" ಎಂದ.

ಕತೆ ಅಲ್ಲಿಗೆ ನಿಂತಿತು. ನೀಲಾಂಬಿಕೆಗೆ ಒಂಬತ್ತು ವರ್ಷದಲ್ಲಿ ಮೊದಲ ಸಲ ಆ ಸೋಮಾರಿ ನಕ್ಷತ್ರದ ಮೇಲೆ ಅಕ್ಕರೆ ಹುಟ್ಟಿತು.

"ತಿಳಿಯಿತು ಗುರುಗಳೇ. ಅದನ್ನು ಹೊಡೆದುಹಾಕುವುದಿಲ್ಲ" ಎಂದು ಅವಳು ಹಗುರಾಗಿ ಎದ್ದಳು.

ಗುರುಗಳು ಮೊರವನ್ನು ಮತ್ತೆ ಮುಂದಕ್ಕೆಳೆದುಕೊಂಡರು.

"ಉಳಿದವುಗಳಲ್ಲಿ ಒಂದೂ ತಡ ಮಾಡಿಲ್ಲ ಅಂದೆಯಲ್ಲಮ್ಮ, ಅವುಗಳಲ್ಲಿ ಬೇಗ ಬಂದವು ಎಷ್ಟು?"