ಕಡಲನ್ನು ನಾದಿದ ಹುಡುಗಿ

"ಗುರುಗಳೇ, ಈ ಮೂರರಲ್ಲಿ ಯಾವುದನ್ನು ಆರಿಸಲಿ?" ಎಂದು ಶರ್ವಾಣಿ ಕೇಳಿದಳು.

ಅವಳು ಗುರುಗಳ ಮುಂದೆ ಮೂರು ಪೆಟ್ಟಿಗೆಗಳನ್ನು ಇಟ್ಟಿದ್ದಳು. ಮೂರೂ ಚಿಕ್ಕ ಮಕ್ಕಳಿಗೆ ಸ್ಪ್ಯಾನಿಷ್ ಭಾಷೆ ಕಲಿಸುವ ಪಾಠಗಳು. ಒಂದರಲ್ಲಿ ಹಾಡುಗಳಿದ್ದವು, ಒಂದರಲ್ಲಿ ಚಿತ್ರದ ಚೀಟಿಗಳು, ಇನ್ನೊಂದರಲ್ಲಿ ಕೈಗೆ ತೊಟ್ಟು ಆಡಿಸುವ ಗೊಂಬೆಗಳು. ಶರ್ವಾಣಿಯ ಇಬ್ಬರು ಮಕ್ಕಳು ಶಾಲೆಗೆ ಹೋಗುತ್ತಿರಲಿಲ್ಲ. ಅವಳೇ ಮನೆಯಲ್ಲಿ ಕಲಿಸುತ್ತಿದ್ದಳು. ಗಂಡನಿಗೆ ಚಿಲಿ ದೇಶದ ಗಣಿಯೊಂದರಲ್ಲಿ ಕೆಲಸವಾಗಿತ್ತು. ಇನ್ನು ನಾಲ್ಕು ತಿಂಗಳಿಗೆ ಎಲ್ಲರೂ ಹೊರಡಬೇಕಿತ್ತು.

"ಅಲ್ಲಿ ನನಗೆ ಏನಾದರೂ ಆದರೆ ಯಾರಿಗೆ ಹೇಳಲಿ, ಹೇಗೆ ಹೇಳಲಿ ಅಂತ ಚಿಕ್ಕವಳು ಕೇಳುತ್ತಾಳೆ. ಅವತ್ತಿನಿಂದ ಎದೆ ಡವಡವ ಅನ್ನುತ್ತಿದೆ. ನನಗಂತೂ ಆ ಭಾಷೆಯ ಗಂಧವಿಲ್ಲ. ಕಲಿಯಲು ಪುರುಸೊತ್ತೂ ಇಲ್ಲ. ಪೆಟ್ಟಿಗೆ ತೆರೆದುಕೊಟ್ಟರೆ ಮಕ್ಕಳು ಆಡುತ್ತಾಡುತ್ತ ತಾವೇ ಕಲಿತುಬಿಡಬೇಕು. ಎಲ್ಲಕ್ಕಿಂತ ಮಜವಾದದ್ದು ಯಾವುದು, ನೀವೇ ಹೇಳಿ" ಎಂದಳು.

ಗುರುಗಳು ಮೀಸೆ ತಿರುವಿದರು.

"ಸರಿಯಾದ ಜಾಗಕ್ಕೇ ಬಂದೆ ತಾಯಿ. ನನಗೆ ಹದಿನೆಂಟು ಭಾಷೆ ಬರುತ್ತವೆ. ಹತ್ತೊಂಬತ್ತನೆಯದು ನನ್ನನ್ನು ಕಲಿಯಲು ಬಾಗಿಲಿಗೇ ಬಂದಿತ್ತು. ನಾಳೆ ಬಾ ಎಂದು ಕಳಿಸಿಬಿಟ್ಟೆ. ಕೂತುಕೋ, ಒಂದು ಕತೆ ಹೇಳುತ್ತೇನೆ."

ಹೀಗೆಂದು ಹೇಳತೊಡಗಿದರು.

ಒಬ್ಬ ಬಾಣಸಿಗನಿದ್ದ. ಚಿರೋಟಿ ಮಾಡುವುದರಲ್ಲಿ ಅವನಿಗೆ ಸಮನಾದವರಿರಲಿಲ್ಲ. ಅವನು ಹಿಟ್ಟು ನಾದಲು ಕೂತರೆ ಬೆಳಗಿನಿಂದ ಮಧ್ಯಾಹ್ನದವರೆಗೆ ನಾದುತ್ತಿದ್ದ. ಅವನ ಚಿರೋಟಿ ಎಷ್ಟು ಹಗುರವೆಂದರೆ, ಎಲೆಗೆ ಬಡಿಸಿದ ಕೂಡಲೇ ಮೇಲೆ ಕೈ ಇಟ್ಟುಕೊಳ್ಳದಿದ್ದರೆ ಹಾರಿಹೋಗುತ್ತಿತ್ತು. ಸುಳ್ಳಲ್ಲ. ಒಂದು ಮದುವೆಯಲ್ಲಿ ಮೂರನ್ನು ನಾನೇ ಓಡಿ ಹಿಡಿದಿದ್ದೇನೆ.

ಅವನ ಹೆಸರು ಕಡಲಾಚೆಗೂ ಮುಟ್ಟಿತು. ಸ್ಪ್ಯಾನಿಷ್ ಮಾತಾಡುವ ಒಂದು ದ್ವೀಪದ ದೊರೆ ಅವನನ್ನು ಕರೆಸಿದ. ಬಾಣಸಿಗನ ಹೆಂಡತಿ ತೀರಿಕೊಂಡಿದ್ದಳು. ಆರು ವರ್ಷದ ಮಗಳಿದ್ದಳು. ಅವಳನ್ನು ಬಿಟ್ಟು ಹೋಗುವಂತಿರಲಿಲ್ಲ.

ಬಾಣಸಿಗ ಯೋಚಿಸಿದ. ದೊರೆಯ ಅಡುಗೆಮನೆಯಲ್ಲಿ ನನಗೆ ಮಾತು ಬೇಕಿಲ್ಲ, ಕೈ ಸಾಕು. ಮಗಳು ದಿನವಿಡೀ ಹೊರಗೆ ಒಬ್ಬಳೇ ಇರಬೇಕಾದವಳು. ಅವಳು ಕಲಿಯಲಿ.

ಬಾಣಸಿಗನ ಊರಿನಲ್ಲಿ ಆ ದ್ವೀಪದ ಕಡೆಯ ಒಬ್ಬ ಮುದಿ ನಾವಿಕ ತಂಗಿದ್ದ. ನಮ್ಮ ಮಾತೂ ಅವನಿಗೆ ಅಷ್ಟಿಷ್ಟು ಬರುತ್ತಿತ್ತು. ಅವನ ಪಾಠವೆಲ್ಲ ಒಂದೇ ಆಟ. ಒಬ್ಬರು ಹೇಳಬೇಕು, ಇನ್ನೊಬ್ಬರು ಮಾಡಬೇಕು. 'ಸಾಲ್ತಾ' ಎಂದರೆ ಹಾರಬೇಕು. 'ಕೋಮೆ' ಎಂದರೆ ತಿನ್ನಬೇಕು. 'ನಾದಾ' ಎಂದರೆ ಈಜಬೇಕು. ಅದಕ್ಕಾಗಿ ಅವನು ಹುಡುಗಿಯನ್ನು ಹಿತ್ತಲಿನ ಕೊಳಕ್ಕೆ ಇಳಿಸುತ್ತಿದ್ದ. ಅವಳು 'ನಾದಾ' ಎಂದು ಕೂಗಿದರೆ ಆ ಮುದುಕ ಪಂಚೆ ಸಮೇತ ಧುಮುಕುತ್ತಿದ್ದ. ಅವನು ಕೂಗಿದರೆ ಅವಳು ಕೈಕಾಲು ಬಡಿಯುತ್ತಿದ್ದಳು. ಹುಡುಗಿಯ ನಗು ಮೂರು ಬೀದಿಗೆ ಕೇಳುತ್ತಿತ್ತು. ಒಂದು ತಿಂಗಳಲ್ಲಿ ಅವಳು ಕಪ್ಪೆಮರಿಯಂತೆ ಈಜಿದಳು.

ನಾವಿಕ ಅಡುಗೆಮನೆಯ ಬಾಗಿಲಿಗೆ ಬಂದು ಹೇಳಿದ: "ಅಣ್ಣಾ, ನೀವೂ ಆಟಕ್ಕೆ ಬನ್ನಿ. ನಾಳಿದ್ದು ನಾನು ಹೊರಟುಬಿಡುತ್ತೇನೆ. ಆಮೇಲೆ ಇವಳ ಜೊತೆ ಆಡುವವರು ಯಾರು?"

ಬಾಣಸಿಗ ನಕ್ಕ. "ನೋಡು ಅಜ್ಜ, ಮೊಣಕೈವರೆಗೆ ಹಿಟ್ಟಾಗಿದೆ. ನಗು ಇಲ್ಲಿಗೇ ಕೇಳಿಸುತ್ತಿದೆಯಲ್ಲ. ಪಾಠ ಚೆನ್ನಾಗಿದೆ ಅನ್ನುವುದಕ್ಕೆ ಇನ್ನೇನು ಬೇಕು?"

ನಾವಿಕ ಹೋದ. ಮಗಳಿಗೆ ಆಟ ಬೇಕೇ ಬೇಕು. ಅವಳು ತಂದೆಯ ಎದುರು ನಿಂತು "ನಾದಾ!" ಎಂದಳು.

ಬಾಣಸಿಗನ ಕಿವಿಗೆ ಬಿದ್ದದ್ದು 'ನಾದು' ಎಂದು. ಅವನು ಎರಡು ಮುಷ್ಟಿ ಕಟ್ಟಿ ಮಣೆಯ ಮೇಲೆ ಹಿಟ್ಟು ನಾದಿ ತೋರಿಸಿದ. ಮಗಳು ಬಿದ್ದು ಬಿದ್ದು ನಕ್ಕಳು. ಮತ್ತೆ ಹೇಳಿದಳು. ಮತ್ತೆ ನಾದಿದ. ಮೊದಲು ಅದು ಅವಳಿಗೆ ತಮಾಷೆ. ಆಮೇಲೆ ಅಭ್ಯಾಸ. ಆಮೇಲೆ ತಂದೆ ಅವಳಿಗೆ "ನಾದಾ" ಎನ್ನತೊಡಗಿದ, ಅವಳು ಮುಷ್ಟಿ ಕಟ್ಟಿ ನಾದತೊಡಗಿದಳು. ನೆಂಟರು ಬಂದರೆ ಆಡಿಸಿ ತೋರಿಸುತ್ತಿದ್ದ. ನೋಡಿ, ನನ್ನ ಮಗಳಿಗೆ ಪರದೇಶದ ಭಾಷೆ ಬಂತು ಎಂದು ಬೀಗುತ್ತಿದ್ದ. ಮನೆಯಲ್ಲಿ ಮೂರು ತಿಂಗಳು, ಹಡಗಿನಲ್ಲಿ ಆರು ತಿಂಗಳು ಹೀಗೆಯೇ ನಡೆಯಿತು.

ಹಡಗು ದ್ವೀಪದ ಬಳಿ ನಿಂತಿತು. ದಡಕ್ಕೆ ಕರೆದೊಯ್ಯಲು ಒಂದು ಸಣ್ಣ ದೋಣಿ ಬಂತು. ಅಂಬಿಗ ಆ ನಾಡಿನವನು. ದೋಣಿ ಅರ್ಧ ದಾರಿ ಹೋಗಿತ್ತು. ಆಗ ಒಂದು ಅಲೆ ಎದ್ದಿತು. ನಾನು ಅಲ್ಲಿರಲಿಲ್ಲ. ಇದ್ದಿದ್ದರೆ ಆ ಅಲೆಗೆ ಏಳುವ ಧೈರ್ಯ ಬರುತ್ತಿರಲಿಲ್ಲ.

ಹುಡುಗಿ ನೀರಿಗೆ ಬಿದ್ದಳು.

ದೋಣಿಗೂ ಅವಳಿಗೂ ನಾಲ್ಕು ಮಾರು ದೂರ. ಪಕ್ಕದಲ್ಲೇ ಬಂಡೆಗಳು. ಅಂಬಿಗ ಹುಟ್ಟು ಬಿಡುವಂತಿರಲಿಲ್ಲ. ಬಾಣಸಿಗನಿಗೆ ಈಜು ಬರುತ್ತಿರಲಿಲ್ಲ. ಅಂಬಿಗ ಎದ್ದು ನಿಂತು ಕೂಗಿದ: "ನಾದಾ! ನಾದಾ!"

ಹುಡುಗಿಗೆ ಕೇಳಿಸಿತು. ಅವಳ ಮುಖ ಅರಳಿತು. ಗೊತ್ತಿಲ್ಲದ ನಾಡಿನಲ್ಲಿ ಗೊತ್ತಿರುವ ಒಂದು ಮಾತು. ಅವಳು ಎರಡು ಮುಷ್ಟಿ ಕಟ್ಟಿ ಕಡಲನ್ನು ನಾದತೊಡಗಿದಳು.

ನೀರು ಗಲ್ಲಕ್ಕೆ ಬಂತು. ಅಂಬಿಗ ಇನ್ನೂ ಜೋರಾಗಿ ಕೂಗಿದ. ಅವನು ಕೂಗಿದಷ್ಟೂ ಅವಳು ನಾದಿದಳು. ನಾದಿದಷ್ಟೂ ಮುಳುಗಿದಳು. ಇಂಥ ಹೊತ್ತಿನಲ್ಲಿ ಇವನೇಕೆ ಹಿಟ್ಟಿನ ಮಾತೆತ್ತುತ್ತಾನೆ ಎಂದು ಬಾಣಸಿಗನಿಗೆ ತಿಳಿಯಲಿಲ್ಲ. ಹುಡುಗಿ ತಂದೆಯ ಕಡೆಗೇ ನೋಡುತ್ತಿದ್ದಳು. ಸರಿಯಾಗಿ ಮಾಡುತ್ತಿದ್ದೇನೆಯೇ ಎಂದು ಕೇಳುವ ಹಾಗಿತ್ತು ಆ ನೋಟ. ನೀರು ಮೂಗಿಗೆ ಬಂತು. ಆಮೇಲೆ ತಲೆ ಕಾಣಲಿಲ್ಲ.

ಇಲ್ಲಿಗೆ ಬಂದು ಗುರುಗಳು ಕತೆ ನಿಲ್ಲಿಸಿದರು. ಮೀಸೆ ಮುಟ್ಟಲಿಲ್ಲ.

"ಹುಡುಗಿ ಉಳಿದಳೇ?" ಎಂದು ಶರ್ವಾಣಿ ಕೇಳಿದಳು.

ಗುರುಗಳು ಮುಂದುವರಿಸಿದರು.

ಅಂಬಿಗ ಹುಟ್ಟನ್ನು ಒಂದೇ ಕೈಯಲ್ಲಿ ಹಿಡಿದು, ಇನ್ನೊಂದು ಕೈಯನ್ನು ಗಾಳಿಯಲ್ಲಿ ಬೀಸಿ ತೋರಿಸಿದ, ಈಜುವವನು ಬೀಸುವಂತೆ. ಬಾಣಸಿಗ ಆ ಕೈಯನ್ನು ನೋಡಿದ. ಒಂಬತ್ತು ತಿಂಗಳಿನಿಂದ ತಾನು ಮಗಳಿಗೆ ಕಲಿಸಿದ್ದು ಏನೆಂದು ಆಗ ಅವನಿಗೆ ಹೊಳೆಯಿತು.

ಹುಡುಗಿಯ ತಲೆ ಒಮ್ಮೆ ಮೇಲೆ ಬಂತು. "ಈಜು ಮಗಳೇ, ಈಜು!" ಎಂದು ಅವನು ಕಿರುಚಿದ. ಅವಳಿಗೆ ಆ ಮಾತು ಗೊತ್ತಿರಲಿಲ್ಲ. ಅವಳು ಮೊದಲು ನೀರಿಗೆ ಇಳಿದದ್ದೇ ನಾವಿಕನ ಜೊತೆ. ನೀರಿನಲ್ಲಿ ಮಾಡುವುದಕ್ಕೆ ಅವಳಿಗೆ ತಿಳಿದಿದ್ದ ಹೆಸರು ಒಂದೇ. ಆ ಹೆಸರನ್ನು ತಂದೆ ಹಿಟ್ಟಿಗೆ ಕೊಟ್ಟುಬಿಟ್ಟಿದ್ದ.

ಬಾಣಸಿಗ ದೋಣಿಯ ಹಲಗೆಯ ಮೇಲೆ ಹೊಟ್ಟೆ ಕೆಳಗಾಗಿ ಬಿದ್ದ. "ನಾದಾ!" ಎಂದು ಕೂಗುತ್ತ ಕೈಕಾಲು ಬಡಿಯತೊಡಗಿದ. ಮೊಣಕೈ ಒಡೆಯಿತು, ಗದ್ದ ಸೀಳಿತು, ನಿಲ್ಲಿಸಲಿಲ್ಲ. ಹುಡುಗಿಯ ಕಣ್ಣು ಅವನ ಮೇಲೆ ನಿಂತಿತು. ಅವಳ ಮುಷ್ಟಿ ಬಿಚ್ಚಿತು. ಒಂದು ಕೈ ಬೀಸಿದಳು. ಇನ್ನೊಂದು ಬೀಸಿದಳು. ಅಂಬಿಗ ಹುಟ್ಟು ಚಾಚಿದ. ಅವಳು ಅದರ ತುದಿಯನ್ನು ಹಿಡಿದಳು.

ದೋಣಿಗೆ ಎಳೆದುಕೊಂಡ ಮೇಲೆ ನೀರು ಕಾರಿದಳು. ತಂದೆ ಅವಳನ್ನು ಎದೆಗೆ ಅವಚಿಕೊಂಡ. ಅವಳು ಅವನ ರಕ್ತ ಸುರಿಯುವ ಗದ್ದವನ್ನು ನೋಡಿ ಹೇಳಿದಳು: "ಅಪ್ಪಾ, ಅದು ಅಜ್ಜನ ಆಟ. ನಮ್ಮದು ಹೀಗಲ್ವಾ?"

ಎರಡು ಪುಟ್ಟ ಮುಷ್ಟಿ ಕಟ್ಟಿ ಅವನ ಎದೆಯ ಮೇಲೆ ನಾದಿ ತೋರಿಸಿದಳು.

ಕತೆ ಮುಗಿಯಿತು.

ಶರ್ವಾಣಿ ಕಣ್ಣು ಒರೆಸಿಕೊಂಡು ಪೆಟ್ಟಿಗೆಗಳ ಕಡೆಗೆ ಬಾಗಿದಳು.

"ಅಂದರೆ ನಾವಿಕನ ಪಾಠವೇ ಸರಿಯಾದದ್ದು, ಅಲ್ಲವೇ? ಈ ಮೂರರಲ್ಲಿ ಅಂಥದ್ದು ಯಾವುದು ಗುರುಗಳೇ?"

ಗುರುಗಳು ಪೆಟ್ಟಿಗೆಗಳನ್ನು ನೋಡಲಿಲ್ಲ. ಅವಳನ್ನು ನೋಡಿದರು.

"ಮಕ್ಕಳದು ಇರಲಿ ತಾಯಿ, ನಿನ್ನ ಪಾಠ ಎಂದಿನಿಂದ?"